ಬೆಳಗಿನ ಎತ್ತರ, ರಾತ್ರಿಯ ಎತ್ತರ: ಮನೆಯಲ್ಲಿ ಕಟ್ಟಿದ ಒಂದು ಅಳತೆಹಲಗೆಯ ದಾಖಲೆ

ಮನುಷ್ಯ ಬೆಳಿಗ್ಗೆ ಹಾಸಿಗೆ ಬಿಟ್ಟೇಳುವಾಗ ಇದ್ದಷ್ಟು ಎತ್ತರ ರಾತ್ರಿ ಮಲಗುವ ಹೊತ್ತಿಗೆ ಉಳಿದಿರುವುದಿಲ್ಲ. ಇಂಗ್ಲೆಂಡಿನ ಜೋಸೆಫ್ ವಾಸ್ ಎಂಬ ಪಾದ್ರಿ ಇದನ್ನು ಅಳೆದು ಬರೆದ ಪತ್ರವನ್ನು ಲಂಡನ್ನಿನ ರಾಯಲ್ ಸೊಸೈಟಿ 1724ರಲ್ಲೇ ಪ್ರಕಟಿಸಿತ್ತು. ಬೆನ್ನುಮೂಳೆಯ ಮಣಿಗಳ ನಡುವಿನ ಮೃದ್ವಸ್ಥಿ ದೇಹದ ಭಾರಕ್ಕೆ ತಗ್ಗುವುದೇ ಕಾರಣವಿರಬೇಕೆಂದು ಅವರು ಅಂದೇ ಊಹಿಸಿದ್ದರು. 1935ರಲ್ಲಿ ಡಿ ಪುಕಿ ಎಂಬ ಸಂಶೋಧಕರು 5ರಿಂದ 90 ವರ್ಷ ವಯಸ್ಸಿನ 1,216 ಜನರನ್ನು ಅಳೆದು, ದಿನದಲ್ಲಿ ಆಗುವ ಇಳಿಕೆ ಸರಾಸರಿ 15.7 ಮಿ.ಮೀ., ಅಂದರೆ ಎತ್ತರದ ಸುಮಾರು ಶೇಕಡಾ 1ರಷ್ಟು ಎಂದು ತೋರಿಸಿದರು. 1984ರಲ್ಲಿ ಟಾಮ್ ರೈಲಿ ಮತ್ತು ಸಂಗಡಿಗರು ಯುವಕರ ಒಂದು ಸಣ್ಣ ಗುಂಪನ್ನು ಹಗಲೂ ರಾತ್ರಿಯೂ ಅಳೆದಾಗ 19.3 ಮಿ.ಮೀ. ವ್ಯತ್ಯಾಸ ಕಂಡಿತಲ್ಲದೆ, ಆ ಇಳಿಕೆಯ ಅರ್ಧಕ್ಕಿಂತ ಹೆಚ್ಚು ಭಾಗ ಎದ್ದ ಮೊದಲ ಒಂದು ಗಂಟೆಯಲ್ಲೇ ಆಗಿಹೋಗುತ್ತದೆ ಎಂಬುದೂ ಗೊತ್ತಾಯಿತು.

ಇಷ್ಟನ್ನು ಓದಿ ತಿಳಿದುಕೊಳ್ಳುವುದು ಸುಲಭ, ಮನೆಯಲ್ಲಿ ಅಳೆದು ನೋಡುವುದು ಸುಲಭವಲ್ಲ. ನಮ್ಮ ಮನೆಯಲ್ಲಿ ಇದಕ್ಕೆ ಒಂದು ಪ್ರಾಯೋಗಿಕ ಕಾರಣವೂ ಇತ್ತು. ನನ್ನ ಅಕ್ಕನ ಮಗ ಪೊಲೀಸ್ ಕಾನ್ಸ್‌ಟೇಬಲ್ ನೇಮಕಾತಿಗೆ ತಯಾರಿ ನಡೆಸುತ್ತಿದ್ದಾನೆ. ಅಲ್ಲಿ ಪುರುಷ ಅಭ್ಯರ್ಥಿಗಳಿಗೆ ಬೇಕಾದ ಎತ್ತರ 168 ಸೆಂ.ಮೀ.; ಅವನ ಎತ್ತರವೂ ಆ ಗೆರೆಯ ಆಸುಪಾಸಿನಲ್ಲೇ ಇದೆ. ಬಾಗಿಲ ಚೌಕಟ್ಟಿಗೆ ಬೆನ್ನು ಕೊಟ್ಟು ನಿಲ್ಲಿಸಿ, ತಲೆಯ ಮೇಲೆ ಪುಸ್ತಕವಿಟ್ಟು ಪೆನ್ಸಿಲಿನಿಂದ ಗುರುತು ಹಾಕಿದರೆ ಒಂದು ಸಲ ಗೆರೆಯ ಮೇಲೆ, ಇನ್ನೊಂದು ಸಲ ಗೆರೆಯ ಕೆಳಗೆ ಬರುತ್ತಿತ್ತು. ಅದರಲ್ಲಿ ದೇಹದ ಪಾಲೆಷ್ಟು, ಪುಸ್ತಕದ ಪಾಲೆಷ್ಟು ಎಂದು ಬೇರ್ಪಡಿಸುವ ದಾರಿಯೇ ಇರಲಿಲ್ಲ. ನೆತ್ತಿಯ ತುದಿ ಗೋಡೆಯಿಂದ ಸುಮಾರು 10 ಸೆಂ.ಮೀ. ಮುಂದಕ್ಕಿರುತ್ತದೆ, ಪುಸ್ತಕ ಕೇವಲ 2 ಡಿಗ್ರಿ ವಾಲಿದರೂ ಆ ದೂರದಲ್ಲಿ 3.5 ಮಿ.ಮೀ. ತಪ್ಪು ನುಸುಳುತ್ತದೆ. ಅದಕ್ಕೆ ಕೂದಲಿನ ದಪ್ಪ, ಗಲ್ಲ ಎತ್ತಿದ್ದು, ಹಿಮ್ಮಡಿ ಸರಿದದ್ದು ಎಲ್ಲವೂ ಸೇರಿದರೆ, ಅಳೆಯಬೇಕಾದ 15 ಮಿ.ಮೀ. ಪೂರ್ತಿ ಅನುಮಾನಕ್ಕೆ ಒಳಗಾಗುತ್ತದೆ. ಆದ್ದರಿಂದ ಒಬ್ಬನೇ ವ್ಯಕ್ತಿಯನ್ನು ಬೇರೆ ಬೇರೆ ಹೊತ್ತಿನಲ್ಲಿ ಅಳೆದಾಗ ಉಪಕರಣದ ಕಡೆಯಿಂದ ಬರುವ ತಪ್ಪು ಅರ್ಧ ಮಿ.ಮೀ. ಮೀರದಂಥ ಹಲಗೆಯೊಂದನ್ನು ಕಟ್ಟುವುದೆಂದು ತೀರ್ಮಾನಿಸಿದೆ.

ಜಾಗ ಮತ್ತು ನೆಲ

ಹಲಗೆ ಮಲಗುವ ಕೋಣೆಯಲ್ಲೇ ಇರಬೇಕು. ಎದ್ದ ಮೊದಲ ಹದಿನೈದು ನಿಮಿಷದಲ್ಲಿ ಇಳಿಕೆ ಬಹಳ ಚುರುಕಾಗಿರುವುದರಿಂದ, ಮೆಟ್ಟಿಲಿಳಿದು ಹಜಾರಕ್ಕೆ ಬರುವಷ್ಟರಲ್ಲಿ ಅಳೆಯಬೇಕಾದದ್ದರ ಒಂದು ಭಾಗ ಕೈಬಿಟ್ಟು ಹೋಗುತ್ತದೆ. ಜೊತೆಗೆ, ಬಿಸಿಲು ಬೀಳುವ ಹೊರಗೋಡೆಯನ್ನು ಬಿಟ್ಟು, ಎರಡು ಕೋಣೆಗಳ ನಡುವಿನ ಗೋಡೆಯನ್ನು ಆರಿಸಿಕೊಂಡೆ.

ಕಾಲಡಿಗೆ ಮೊದಲು ಪ್ಲೈವುಡ್ ಹಾಕುವ ಯೋಚನೆಯಿತ್ತು. ಮಳೆಗಾಲದಲ್ಲಿ ಪ್ಲೈವುಡ್ ದಪ್ಪದ ದಿಕ್ಕಿನಲ್ಲಿ ಉಬ್ಬುತ್ತದೆ, ಭಾರಕ್ಕೆ ಅಷ್ಟಿಷ್ಟು ಒತ್ತಿಕೊಳ್ಳುತ್ತದೆ ಎಂಬ ಕಾರಣಕ್ಕೆ ಅದನ್ನು ಬಿಟ್ಟು, ಅಡುಗೆಮನೆಯ ಕಟ್ಟೆಗೆ ಕೊಯ್ದು ಉಳಿದಿದ್ದ ಗ್ರಾನೈಟ್ ತುಂಡೊಂದನ್ನು ಕಲ್ಲಿನ ಅಂಗಡಿಯಿಂದ ತಂದೆ. ಅದರ ಅಳತೆ ಸುಮಾರು 40 ಸೆಂ.ಮೀ. ಚೌಕ, ದಪ್ಪ 18 ಮಿ.ಮೀ. ನೆಲದ ಟೈಲಿನ ಮೇಲೆ ತೆಳುವಾಗಿ ಸಿಮೆಂಟ್ ಹಾಲು ಹರಡಿ, ಕಲ್ಲನ್ನು ಕೂರಿಸಿ, ರಸಮಟ್ಟವನ್ನು ಉದ್ದಕ್ಕೂ ಅಡ್ಡಕ್ಕೂ ಕರ್ಣಕ್ಕೂ ಇಟ್ಟು ನೋಡಿ, ಗುಳ್ಳೆ ನಡುವಿಗೆ ಬರುವವರೆಗೆ ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದೆ. ನಸುಕಿನಲ್ಲಿ ಆ ಕಲ್ಲಿನ ಮೇಲೆ ಬರಿಗಾಲಿಡುವುದು ಹಿತವಾದ ಅನುಭವವಲ್ಲ, ಆದರೆ ಕಲ್ಲು ಅಲುಗುವುದಿಲ್ಲ, ಉಬ್ಬುವುದಿಲ್ಲ. ಪಾದಗಳ ಹೊರಗೆರೆಯನ್ನು ಅದರ ಮೇಲೆ ಮಾರ್ಕರ್ ಪೆನ್ನಿನಿಂದ ಬರೆದಿಟ್ಟಿದ್ದೇನೆ. ಅಳತೆಗೆ ನಿಲ್ಲುವ ನನಗೂ ಅಕ್ಕನ ಮಗನಿಗೂ ಬೇರೆ ಬೇರೆ ಬಣ್ಣ.

ಗೋಡೆಗೆ ನೇರವಾಗಿ ಬೆನ್ನು ಕೊಡುವಂತಿಲ್ಲ. ನಮ್ಮ ಮನೆಗಳಲ್ಲಿ ಗೋಡೆಯ ಬುಡಕ್ಕೆ ಅಂಟಿಸಿರುವ ಸ್ಕರ್ಟಿಂಗ್ ಟೈಲ್ ಗಾರೆಯಿಂದ ಸುಮಾರು 1 ಸೆಂ.ಮೀ. ಮುಂದಕ್ಕಿರುತ್ತದೆ. ಹಿಮ್ಮಡಿ ಅದಕ್ಕೆ ತಾಗಿ ನಿಂತರೆ ಪೃಷ್ಠ, ಹೆಗಲಮೂಳೆಗಳು ಗೋಡೆ ತಲುಪಲು ದೇಹ ಹಿಂದಕ್ಕೆ ವಾಲಬೇಕಾಗುತ್ತದೆ. ಆದ್ದರಿಂದ 19 ಮಿ.ಮೀ. ಪ್ಲೈವುಡ್ಡಿನ, ಮುಕ್ಕಾಲು ಅಡಿಗಿಂತ ತುಸು ಅಗಲವಾದ, ನೆಲದಿಂದ 2 ಮೀಟರ್‌ವರೆಗೆ ಬರುವ ಬೆನ್ನುಹಲಗೆಯನ್ನು ಮರದ ರೀಪರ್‌ಗಳ ಮೇಲೆ ಕೂರಿಸಿ ಗೋಡೆಗೆ ಬಿಗಿದೆ. ತೂಗುಗುಂಡು ಇಳಿಬಿಟ್ಟು ನೋಡಿದಾಗ ಗೋಡೆಯೇ ಮೇಲ್ಭಾಗದಲ್ಲಿ ಒಂದಿಷ್ಟು ಹೊರಕ್ಕೆ ವಾಲಿದ್ದು ಕಂಡಿತು. ರೀಪರ್‌ಗಳ ಹಿಂದೆ ಸನ್‌ಮೈಕಾ ಚೂರುಗಳನ್ನು ಸೇರಿಸಿ ಅದನ್ನು ನೇರ ಮಾಡಿದೆ.

ತಲೆಹಲಗೆ

ಈ ಉಪಕರಣದ ಜೀವಾಳ ಇರುವುದು ತಲೆಯ ಮೇಲೆ ಬಂದು ಕೂರುವ ಹಲಗೆಯಲ್ಲಿ. ಅದು ಮೇಲೆ ಕೆಳಗೆ ಸರಾಗವಾಗಿ ಚಲಿಸಬೇಕು. ಯಾವ ಎತ್ತರದಲ್ಲಿ ನಿಂತರೂ ಬೆನ್ನುಹಲಗೆಗೆ ಲಂಬವಾಗಿಯೇ ಉಳಿಯಬೇಕು. ಯಂತ್ರದಂಗಡಿಗಳಲ್ಲಿ ಸಿಗುವ ನಿಖರ ಜಾರುಗಂಬಿಗಳ ಬೆಲೆ ವಿಚಾರಿಸಿ ಸುಮ್ಮನಾಗಿ, ಹಾರ್ಡ್‌ವೇರ್ ಅಂಗಡಿಯಿಂದ ಬಾಲ್ ಬೇರಿಂಗ್ ಇರುವ 18 ಇಂಚಿನ ಡ್ರಾಯರ್ ಚಾನೆಲ್ ಒಂದು ಜೊತೆ ತಂದೆ. ಅಡುಗೆಮನೆಯ ಡ್ರಾಯರುಗಳಲ್ಲಿ ಅಡ್ಡಡ್ಡ ಬಳಸುವ ಇವನ್ನು ಬೆನ್ನುಹಲಗೆಯ ಎರಡು ಅಂಚುಗಳಲ್ಲಿ ನೆಟ್ಟಗೆ ನಿಲ್ಲಿಸಿ, ಎರಡರ ಜಾರುವ ಭಾಗಗಳನ್ನು 30 ಸೆಂ.ಮೀ. ಎತ್ತರದ ಒಂದು ಪ್ಲೈವುಡ್ ಫಲಕದಿಂದ ಜೋಡಿಸಿದೆ. ಆ ಫಲಕದ ಕೆಳಗಂಚಿಗೆ ತಲೆಹಲಗೆಯನ್ನು ಮೂಲೆಮಟ್ಟ ಹಿಡಿದು ಕೂರಿಸಿ, ಇಕ್ಕೆಲಗಳಲ್ಲಿ ತ್ರಿಕೋನಾಕಾರದ ಆನಿಕೆ ಕೊಟ್ಟೆ. ಕೂದಲು ಸಿಕ್ಕಿಕೊಳ್ಳದಂತೆ ಅಡಿಗೆ ಸನ್‌ಮೈಕಾ ಅಂಟಿಸಿದ್ದೇನೆ.

ಡ್ರಾಯರ್ ಚಾನೆಲ್‌ಗಳಲ್ಲಿ ಸಡಿಲ ಇದ್ದೇ ಇರುತ್ತದೆ. ಕೈಯಿಂದ ಅಲುಗಿಸಿದರೆ ಅರ್ಧ ಮಿ.ಮೀ.ನಷ್ಟು ಆಚೀಚೆ ಆಡುವುದು ತಿಳಿಯುತ್ತದೆ. ಇದರಿಂದ ತಲೆಹಲಗೆ ಮುಂದಕ್ಕೆ ತೂಗಿದರೆ ಎಷ್ಟು ತಪ್ಪಾದೀತು? ಜಾರುವ ಫಲಕ 30 ಸೆಂ.ಮೀ. ಉದ್ದವಿದ್ದು ನೆತ್ತಿ 10 ಸೆಂ.ಮೀ. ಮುಂದಿರುವುದರಿಂದ, ಅರ್ಧ ಮಿ.ಮೀ. ಸಡಿಲ ನೆತ್ತಿಯ ಬಳಿ ಅದರ ಮೂರನೆಯ ಒಂದು ಭಾಗ, ಅಂದರೆ ಸುಮಾರು 0.17 ಮಿ.ಮೀ. ಆಗುತ್ತದೆ. ಫಲಕವನ್ನು ಚಿಕ್ಕದಾಗಿ, ಅಂದವಾಗಿ ಮಾಡಿದ್ದರೆ ಇದೇ ತಪ್ಪು ಮೂರು ಪಟ್ಟು ಹೆಚ್ಚುತ್ತಿತ್ತು. ಸರಿಯಾಗಿ ಅಳೆಯುವ ಉಪಕರಣ ನೋಡಲು ತುಸು ಒರಟಾಗಿದ್ದರೆ ನನಗೆ ಬೇಸರವಿಲ್ಲ.

ಚಲಿಸುವ ಭಾಗದ ಒಟ್ಟು ತೂಕ 2 ಕಿಲೋ ಹತ್ತಿರ ಬಂತು. ಅದನ್ನು ಹಾಗೆಯೇ ತಲೆಯ ಮೇಲೆ ಬಿಟ್ಟರೆ ನಿಂತವರು ತಮಗರಿವಿಲ್ಲದೆ ಕುತ್ತಿಗೆ ಕುಗ್ಗಿಸುತ್ತಾರೆ; ತೀರಾ ಹಗುರವಾದರೆ ಕೂದಲು ಒತ್ತಿಕೊಳ್ಳುವುದಿಲ್ಲ. ಆದ್ದರಿಂದ ಮೇಲೆ ಎರಡು ಚಿಕ್ಕ ರಾಟೆಗಳನ್ನಿಟ್ಟು, ಅವುಗಳ ಮೇಲೆ ನೈಲಾನ್ ಹುರಿ ಹಾಯಿಸಿ, ಇನ್ನೊಂದು ತುದಿಗೆ ಮರಳು ತುಂಬಿದ ಪ್ಲಾಸ್ಟಿಕ್ ಬಾಟಲಿಯನ್ನು ತೂಗುಬಿಟ್ಟೆ. ಎತ್ತರದ ಸ್ಟೂಲಿನ ಮೇಲೆ ಡಬ್ಬಗಳನ್ನಿಟ್ಟು, ಅವುಗಳ ಮೇಲೆ ಅಡುಗೆಮನೆಯ ತಕ್ಕಡಿಯಿಟ್ಟು, ತಲೆಹಲಗೆ ಅದರ ಮೇಲೆ ಕೂತಾಗ ಅರ್ಧ ಕಿಲೋ ತೋರಿಸುವವರೆಗೆ ಮರಳನ್ನು ಚಮಚದಲ್ಲಿ ಹಾಕಿ ತೆಗೆದು ಹೊಂದಿಸಿದೆ. ಆದರೂ ಮೇಲಿನಿಂದ ಇಳಿಸಿದಾಗ ಒಂದು ತೂಕ, ಕೆಳಗಿನಿಂದ ಏರಿಸಿ ಬಿಟ್ಟಾಗ ಇನ್ನೊಂದು ತೂಕ ಬರುತ್ತಿತ್ತು. ಚಾನೆಲ್ ಒಳಗೆ ಕಾರ್ಖಾನೆಯಲ್ಲಿ ತುಂಬಿದ ದಪ್ಪ ಗ್ರೀಸೇ ಅದಕ್ಕೆ ಕಾರಣ. ಸೀಮೆಎಣ್ಣೆಯಲ್ಲಿ ತೊಳೆದು, ಒಣಗಿಸಿ, ಹೊಲಿಗೆ ಯಂತ್ರದ ಎಣ್ಣೆ ಎರಡು ಹನಿ ಬಿಟ್ಟ ಮೇಲೆ ಆ ಅಂತರ ಬಹುಮಟ್ಟಿಗೆ ಹೋಯಿತು.

ಅಂಕಿ ಓದುವ ಬಗೆ

ನನಗೆ ಬೇಕಿದ್ದದ್ದು ವ್ಯತ್ಯಾಸ. ಒಟ್ಟು ಎತ್ತರದ ನಿಖರತೆ ಎರಡನೆಯ ಮಾತು. ಡಯಲ್ ಗೇಜ್ ಬಳಸಬಹುದಿತ್ತಾದರೂ ಸಾಮಾನ್ಯವಾಗಿ ಸಿಗುವವು 10 ಮಿ.ಮೀ. ವ್ಯಾಪ್ತಿಯವು, ಇಲ್ಲಿ ಅಳೆಯಬೇಕಾದದ್ದೇ ಅದಕ್ಕಿಂತ ಹೆಚ್ಚು. ಹಾಗಾಗಿ 150 ಮಿ.ಮೀ. ವ್ಯಾಪ್ತಿಯ ಡಿಜಿಟಲ್ ವರ್ನಿಯರ್ ಕ್ಯಾಲಿಪರ್ ಒಂದನ್ನು ನೆಟ್ಟಗೆ ನಿಲ್ಲಿಸಿ, ಅದರ ಉದ್ದನೆಯ ಪಟ್ಟಿಯನ್ನು ಬೆನ್ನುಹಲಗೆಗೆ ಕ್ಲಾಂಪ್ ಹಾಕಿ ಬಿಗಿದು, ಜಾರುವ ಭಾಗವನ್ನು ತೆಳು ಅಲ್ಯೂಮಿನಿಯಂ ಪಟ್ಟಿಯಿಂದ ತಲೆಹಲಗೆಯ ಫಲಕಕ್ಕೆ ಜೋಡಿಸಿದೆ. ಆ ಪಟ್ಟಿಯ ಅಗಲ ಮೇಲೆ ಕೆಳಗಿನ ದಿಕ್ಕಿಗೆ ಇರುವುದರಿಂದ ಆ ದಿಕ್ಕಿನಲ್ಲಿ ಅದು ಬಾಗುವುದಿಲ್ಲ. ಅಡ್ಡ ದಿಕ್ಕಿನಲ್ಲಿ ಬಾಗುತ್ತದೆ. ಇದರಿಂದ ಚಾನೆಲ್ಲಿನ ಆಚೀಚೆಯ ಆಟ ಕ್ಯಾಲಿಪರನ್ನು ಹಿಡಿದು ಎಳೆಯುವುದಿಲ್ಲ.

ಕ್ಯಾಲಿಪರಿಗೆ ಸೊನ್ನೆ ಎಲ್ಲಿ ಎಂದು ಪ್ರತಿ ಸಲವೂ ತಿಳಿಸಬೇಕು. ಅದಕ್ಕಾಗಿ 1,650 ಮಿ.ಮೀ. ಉದ್ದದ ಕೊಳವೆಯೊಂದನ್ನು ಕತ್ತರಿಸಿ ಲೇತ್ ಅಂಗಡಿಯಲ್ಲಿ ತುದಿಗಳನ್ನು ಸಮ ಮಾಡಿಸಿಕೊಂಡೆ. ಅಳೆಯುವ ಮುನ್ನ ಅದನ್ನು ಗ್ರಾನೈಟಿನ ಮೇಲೆ ನಿಲ್ಲಿಸಿ, ತಲೆಹಲಗೆಯನ್ನು ಅದರ ಮೇಲಿಳಿಸಿ, ಸೊನ್ನೆ ಗುಂಡಿ ಒತ್ತುವುದು; ಆಮೇಲೆ ಮನುಷ್ಯ ನಿಂತಾಗ ಕಾಣುವ ಅಂಕಿಯನ್ನು 1,650ಕ್ಕೆ ಕೂಡಿಸುವುದು. ಅಲ್ಯೂಮಿನಿಯಂ ಕೊಳವೆ ಹಗುರ, ಸುಲಭವಾಗಿ ಸಿಗುತ್ತದೆ. ಆದರೆ ಬೇಸಿಗೆಯಲ್ಲಿ ನಸುಕಿಗೂ ಮಧ್ಯಾಹ್ನಕ್ಕೂ ಕೋಣೆಯಲ್ಲಿ 8 ಡಿಗ್ರಿ ವ್ಯತ್ಯಾಸವಾದರೆ ಅಷ್ಟುದ್ದದ ಅಲ್ಯೂಮಿನಿಯಂ 0.3 ಮಿ.ಮೀ. ಹಿಗ್ಗುತ್ತದೆ. ಉಕ್ಕು ಅದರ ಅರ್ಧದಷ್ಟು ಮಾತ್ರ ಹಿಗ್ಗುವುದರಿಂದ ಉಕ್ಕಿನ ಕೊಳವೆಯನ್ನೇ ಇಟ್ಟುಕೊಂಡೆ. ಗಮನಿಸಬೇಕಾದದ್ದೇನೆಂದರೆ, ಅಳೆಯುವ ಕೋಲು ಮಧ್ಯಾಹ್ನ ಹಿಗ್ಗಿದರೆ ಮನುಷ್ಯ ಕುಗ್ಗಿದಂತೆ ಕಾಣುತ್ತಾನೆ. ಅಂದರೆ ಈ ತಪ್ಪು ನಾವು ಹುಡುಕುತ್ತಿರುವ ಫಲಿತಾಂಶದ ದಿಕ್ಕಿನಲ್ಲೇ ಇರುತ್ತದೆ. ಅಂಥ ತಪ್ಪುಗಳೇ ಹೆಚ್ಚು ಅಪಾಯಕಾರಿ, ಏಕೆಂದರೆ ಅವು ಅನುಮಾನ ಹುಟ್ಟಿಸುವುದಿಲ್ಲ.

ಕೊಳವೆಯನ್ನು ಮಾತ್ರ ಬಳಸಿ, ಎತ್ತಿ ಇಳಿಸಿ ಓದಿದಾಗ ಅಂಕಿಗಳು 0.2 ಮಿ.ಮೀ. ಒಳಗೇ ಆಡುತ್ತಿದ್ದವು. ಅಲ್ಲಿಗೆ ಉಪಕರಣದ ಕೆಲಸ ಮುಗಿಯಿತು. ಉಳಿದದ್ದು ಅದರ ಕೆಳಗೆ ನಿಲ್ಲುವ ಮನುಷ್ಯನ ಕೆಲಸ.

ನಿಲ್ಲುವುದನ್ನು ಕಲಿಯುವುದು

ಒಬ್ಬನೇ ವ್ಯಕ್ತಿ ಹಲಗೆಯಿಂದ ಕೆಳಗಿಳಿದು ಮತ್ತೆ ನಿಂತರೆ ಮೊದಮೊದಲು ಅಂಕಿ 3 ಮಿ.ಮೀ.ವರೆಗೂ ಬದಲಾಗುತ್ತಿತ್ತು. ಇದಕ್ಕೆ ಮುಖ್ಯ ಕಾರಣ ತಲೆಯ ಓಲಾಟ. ಕಣ್ಣುಗುಳಿಯ ಕೆಳಗಂಚು ಮತ್ತು ಕಿವಿಯ ರಂಧ್ರದ ಮುಂದಿನ ಪುಟ್ಟ ಎಸಳಿನ ಮೇಲ್ತುದಿ ಇವೆರಡೂ ಒಂದೇ ಅಡ್ಡಗೆರೆಯಲ್ಲಿರುವಂತೆ ತಲೆಯನ್ನು ಹಿಡಿಯಬೇಕು ಎಂಬುದು ಎತ್ತರ ಅಳೆಯುವವರೆಲ್ಲ ಒಪ್ಪಿದ ನಿಯಮ. ಫ್ರಾಂಕ್‌ಫರ್ಟ್ ಸಮತಲವೆಂದು ಇದಕ್ಕೆ ಹೆಸರು. ಅಳೆಯುವವರು ಕಣ್ಣಂದಾಜಿನಿಂದ ಇದನ್ನು ಹೊಂದಿಸುತ್ತಾರಾದರೂ ನಮ್ಮ ಅಗತ್ಯಕ್ಕೆ ಆ ಅಂದಾಜು ಸಾಲುತ್ತಿರಲಿಲ್ಲ. ಗಾಜು ತೆಗೆದ ಹಳೆಯ ಕನ್ನಡಕದ ಬಲಗಡೆಯ ಕಡ್ಡಿಗೆ, ಕ್ಯಾಮೆರಾ ಸ್ಟ್ಯಾಂಡುಗಳಲ್ಲಿ ಇರುವಂಥ ಪುಟ್ಟ ರಸಮಟ್ಟವೊಂದನ್ನು ಅಂಟಿಸಿದೆ. ಒಬ್ಬರ ತಲೆಯನ್ನು ನಿಯಮದಂತೆ ಒಮ್ಮೆ ಹೊಂದಿಸಿ, ಆಗ ಗುಳ್ಳೆ ನಿಂತಲ್ಲಿ ಗೆರೆ ಹಾಕಿಕೊಂಡರೆ, ಮುಂದೆ ಪ್ರತಿ ಸಲವೂ ಗುಳ್ಳೆಯನ್ನು ಆ ಗೆರೆಗೆ ತಂದರಾಯಿತು. ನಿಂತವರಿಗೆ ಗುಳ್ಳೆ ಕಾಣದ ಕಾರಣ ಪಕ್ಕದಲ್ಲಿ ಒಬ್ಬರು ಇರಲೇಬೇಕು. ನಸುಕಿನ ಐದೂವರೆಗೆ ಹುಡುಗ ಕಣ್ಣುಜ್ಜುತ್ತಾ, ಬರಿಯ ಫ್ರೇಮಿನ ಕನ್ನಡಕ ತೊಟ್ಟು, "ಮಾವ, ಇನ್ನೂ ಎಷ್ಟು ಕೆಳಗೆ ನೋಡಲಿ?" ಎನ್ನುವುದು ನಮ್ಮ ಮನೆಯವರಿಗೆ ಬಹಳ ದಿನ ನಗೆಯ ವಸ್ತುವಾಗಿತ್ತು.

ಉಸಿರೂ ಲೆಕ್ಕಕ್ಕೆ ಬರುತ್ತದೆ. ಎದೆ ತುಂಬ ಉಸಿರೆಳೆದರೆ ಬೆನ್ನು ಸೆಟೆದು ಅಂಕಿ ಏರುತ್ತದೆ. ಆದ್ದರಿಂದ ಸಹಜವಾಗಿ ಉಸಿರು ಬಿಟ್ಟ ಕೊನೆಯಲ್ಲಿ ಓದುವುದೆಂದು ಗೊತ್ತುಮಾಡಿಕೊಂಡೆವು. ಹಿಮ್ಮಡಿಯ ಅಡಿಯಲ್ಲಿರುವ ಕೊಬ್ಬಿನ ಮೆತ್ತೆ ಇನ್ನೊಂದು ತೊಡಕು: ಮಲಗಿದ್ದು ಎದ್ದು ನಿಂತಾಗ ಅದು ಭಾರಕ್ಕೆ ಅಮರಿಕೊಳ್ಳಲು ಒಂದೆರಡು ನಿಮಿಷ ತೆಗೆದುಕೊಳ್ಳುತ್ತದೆ, ಆ ಅವಧಿಯಲ್ಲಿ ಕಾಣುವ ಇಳಿಕೆ ಬೆನ್ನಿಗೆ ಸೇರಿದ್ದಲ್ಲ. ಹಾಗೆಂದು ಬಹಳ ಹೊತ್ತು ಕಾದರೆ ಬೆನ್ನಿನ ಇಳಿಕೆಯೇ ಶುರುವಾಗಿಬಿಡುತ್ತದೆ. ಎರಡು ನಿಮಿಷ ನಿಂತು, ಆಮೇಲೆ ಓದುವುದು ಎಂಬ ರಾಜಿಗೆ ಬಂದೆವು. ಹಗಲಿನ ಎಲ್ಲ ಅಳತೆಗಳಿಗೂ ಅದೇ ನಿಯಮ.

1974ರಲ್ಲಿ ವೈಟ್‌ಹೌಸ್, ಟ್ಯಾನರ್ ಮತ್ತು ಹೀಲಿ ಎಂಬ ಸಂಶೋಧಕರು 12ರಿಂದ 14 ವರ್ಷದ ಬಾಲಕರಲ್ಲಿ ಇದೇ ವಿಷಯವನ್ನು ಅಳೆದಿದ್ದರು. ಕಿವಿಯ ಹಿಂದಿನ ಮೂಳೆಯ ಉಬ್ಬಿಗೆ ಕೈಯಾನಿಸಿ ತಲೆಯನ್ನು ಮೆಲ್ಲಗೆ ಮೇಲಕ್ಕೆತ್ತಿ ಅಳೆದರೆ ದಿನದ ಏರಿಳಿತ ಕಡಿಮೆಯಾಗುತ್ತದೆ ಎಂದು ಅವರು ಕಂಡುಕೊಂಡರು. ಮಕ್ಕಳ ಬೆಳವಣಿಗೆಯನ್ನು ದಾಖಲಿಸುವವರಿಗೆ ಈ ವಿಧಾನ ಒಳ್ಳೆಯದು. ನಮ್ಮ ಉದ್ದೇಶ ಅದೇ ಏರಿಳಿತವನ್ನು ನೋಡುವುದಾದ್ದರಿಂದ ಎತ್ತದೆಯೇ ಅಳೆದೆವು. ಆದರೂ ಸಂಜೆಯ ಹೊತ್ತು ಕೆಲವೊಮ್ಮೆ ಎತ್ತಿ ನೋಡಿದಾಗ 2–3 ಮಿ.ಮೀ. ಮರಳಿ ಬರುತ್ತಿತ್ತು, ದಣಿದ ಬೆನ್ನಿನ ಜೋಲುವಿಕೆಯೂ ದಿನದ ಇಳಿಕೆಯಲ್ಲಿ ಒಂದು ಪಾಲು ಪಡೆದಿದೆ ಎಂಬುದಕ್ಕೆ ಇದೇ ಸಾಕ್ಷಿ.

ಇಷ್ಟೆಲ್ಲ ಆದ ಮೇಲೆ, ಇಳಿದು ಮತ್ತೆ ನಿಂತಾಗಿನ ಚದುರುವಿಕೆ 1 ಮಿ.ಮೀ. ಒಳಕ್ಕೆ ಬಂತು. ಪ್ರತಿ ಹೊತ್ತಿನಲ್ಲೂ ಕೆಲವು ಸಲ ನಿಂತು ಓದಿ ಸರಾಸರಿ ತೆಗೆದರೆ ಅರ್ಧ ಮಿ.ಮೀ.ನ ಗುರಿ ಕೈಗೆಟಕುತ್ತದೆ.

ಅಂಕಿಗಳು ಹೇಳಿದ್ದು

ನನ್ನ ಎತ್ತರ ಎದ್ದ ಕೂಡಲೇ ಅಳೆದದ್ದಕ್ಕಿಂತ ಒಂದು ಗಂಟೆಯ ನಂತರ ಸುಮಾರು 6 ಮಿ.ಮೀ. ಕಡಿಮೆ, ಮಧ್ಯಾಹ್ನದ ಹೊತ್ತಿಗೆ 10 ಮಿ.ಮೀ. ಕಡಿಮೆ, ರಾತ್ರಿ ಮಲಗುವ ಮುನ್ನ 13 ಮಿ.ಮೀ. ಆಸುಪಾಸು ಕಡಿಮೆ. ಹುಡುಗನದ್ದು ಇದೇ ಆಕಾರದ ಗೆರೆ, ಆದರೆ ಒಟ್ಟು ಇಳಿಕೆ 16–17 ಮಿ.ಮೀ. ಚೌಕದ ಕಾಗದದ ಮೇಲೆ ಬರೆದು ನೋಡಿದರೆ, ಗೆರೆ ಬೆಳಿಗ್ಗೆ ಕಡಿದಾಗಿ ಇಳಿದು, ಆಮೇಲೆ ನಿಧಾನವಾಗುತ್ತಾ ಸಂಜೆಗೆ ಹೆಚ್ಚುಕಡಿಮೆ ಮಟ್ಟಸವಾಗುತ್ತದೆ. ದಿನವಿಡೀ ಭಾರ ಹೆಚ್ಚುಕಡಿಮೆ ಒಂದೇ ಇರುವಾಗ ಇಳಿಕೆ ಮಾತ್ರ ಹೀಗೇಕೆ ಎಂಬ ಪ್ರಶ್ನೆಗೆ ಉತ್ತರ ಬೆನ್ನುಮಣಿಗಳ ನಡುವಿನ ಮೆತ್ತೆಯಾದ ಡಿಸ್ಕಿನ ಒಳಗಿದೆ.

ತಲೆಬುರುಡೆಯ ಕೆಳಗಿನಿಂದ ಸೊಂಟದವರೆಗೆ ಬಿಡಿಬಿಡಿಯಾಗಿ ಅಲುಗಾಡುವ ಬೆನ್ನುಮಣಿಗಳು 24. ಅವುಗಳ ಸಾಲಿನಲ್ಲಿ ಡಿಸ್ಕುಗಳು 23. ಬೆನ್ನುಕಂಬದ ಉದ್ದದಲ್ಲಿ ಸುಮಾರು ಕಾಲು ಭಾಗ ಈ ಡಿಸ್ಕುಗಳದ್ದೇ. ಡಿಸ್ಕಿನ ಹೊರಸುತ್ತು ಪದರಪದರವಾದ ಗಟ್ಟಿ ನಾರು. ನಡುವೆ ಇರುವುದು ಅಂಟಂಟಾದ ತಿರುಳು. ತಿರುಳಿನಲ್ಲಿರುವ ಪ್ರೋಟಿಯೋಗ್ಲೈಕಾನ್ ಎಂಬ ದೊಡ್ಡ ಅಣುಗಳು ಋಣ ವಿದ್ಯುದಂಶವನ್ನು ಹೊತ್ತಿದ್ದು, ಅದನ್ನು ಸರಿದೂಗಿಸಲು ಸೋಡಿಯಂ ಅಯಾನುಗಳು ಬಂದು ಸೇರುತ್ತವೆ. ಅಯಾನುಗಳ ಹಿಂದೆಯೇ ಅಭಿಸರಣೆಯಿಂದ ನೀರು ಬರುತ್ತದೆ. ನೀರಿಗೆ ಹಾಕಿದ ಕಾಮಕಸ್ತೂರಿ ಬೀಜ ತನ್ನ ಸುತ್ತ ಲೋಳೆ ಕಟ್ಟಿಕೊಂಡು ಉಬ್ಬುವಂತೆ ತಿರುಳು ಉಬ್ಬಿಕೊಂಡೇ ಇರಲು ನೋಡುತ್ತದೆ. ನಾರಿನ ಸುತ್ತು ಅದನ್ನು ಬಿಗಿಹಿಡಿದಿರುತ್ತದೆ. ವಯಸ್ಸಾದಂತೆ ಪ್ರೋಟಿಯೋಗ್ಲೈಕಾನ್ ಕಡಿಮೆಯಾಗಿ, ತಿರುಳು ಹಿಡಿದಿಡುವ ನೀರೂ ಕಡಿಮೆಯಾಗುತ್ತದೆ. ನನಗೂ ಹುಡುಗನಿಗೂ ಇರುವ ಅಂತರದಲ್ಲಿ ಇದರ ಪಾಲೂ ಇರಬಹುದು, ಆದರೆ ಇಬ್ಬರನ್ನು ಮಾತ್ರ ಅಳೆದು ಅಷ್ಟು ದೂರದ ಮಾತು ಆಡುವಂತಿಲ್ಲ.

ಹ್ಯಾನ್ಸ್-ಯೋಆಖಿಮ್ ವಿಲ್ಕೆ ಮತ್ತು ಸಂಗಡಿಗರು 1999ರಲ್ಲಿ ಪ್ರಕಟಿಸಿದ ಅಳತೆಗಳಲ್ಲಿ, ಸ್ವಯಂಸೇವಕನೊಬ್ಬನ ಸೊಂಟದ ಡಿಸ್ಕಿನೊಳಗೆ ಒತ್ತಡಮಾಪಕವನ್ನು ಇಟ್ಟು ನೋಡಿದಾಗ, ಮಲಗಿದ್ದಾಗ ಸುಮಾರು 0.1 ಮೆಗಾಪ್ಯಾಸ್ಕಲ್ ಇದ್ದ ಒತ್ತಡ ನಿಂತಾಗ 0.5ಕ್ಕೆ ಏರಿತ್ತು. 0.5 ಮೆಗಾಪ್ಯಾಸ್ಕಲ್ ಎಂದರೆ ಚದರ ಸೆಂ.ಮೀ.ಗೆ ಸುಮಾರು 5 ಕಿಲೋ ಭಾರ. ಎದ್ದು ನಿಂತೊಡನೆ ಈ ಹೆಚ್ಚಿದ ಒತ್ತಡ ತಿರುಳಿನ ನೀರನ್ನು ಮೆಲ್ಲಗೆ ಹೊರಕ್ಕೆ ಹಿಂಡತೊಡಗುತ್ತದೆ. ಅದರ ಜೊತೆಗೆ ನಾರಿನ ಸುತ್ತೂ ಕ್ರಮೇಣ ಸಡಿಲಗೊಂಡು ತುಸು ಹೊರಕ್ಕೆ ಉಬ್ಬುತ್ತದೆ. ನೀರು ಹೋದಂತೆ ಒಳಗೆ ಉಳಿದ ಪ್ರೋಟಿಯೋಗ್ಲೈಕಾನಿನ ಸಾಂದ್ರತೆ ಏರುತ್ತದೆ, ಅದರ ಸೆಳೆತ ಬಲಗೊಳ್ಳುತ್ತದೆ, ಹೊರಗಿನ ಭಾರಕ್ಕೆ ಅದು ಹತ್ತಿರ ಹತ್ತಿರ ಸರಿಸಮನಾದಾಗ ಹರಿವು ಬಹುತೇಕ ನಿಲ್ಲುತ್ತದೆ. ನನ್ನ ಗೆರೆ ಬೆಳಿಗ್ಗೆ ಕಡಿದಾಗಿದ್ದು ಸಂಜೆಗೆ ಮಟ್ಟಸವಾಗುವುದು ಈ ಕಾರಣಕ್ಕೆ. ರಾತ್ರಿ ಭಾರ ಇಳಿದಾಗ ಇದೇ ಕ್ರಿಯೆ ಹಿಮ್ಮುಖವಾಗಿ ನಡೆಯುತ್ತದೆ. ಅದೇ ಸ್ವಯಂಸೇವಕ ಏಳು ಗಂಟೆ ಮಲಗಿದ್ದಾಗ ಒತ್ತಡ 0.10ರಿಂದ 0.24 ಮೆಗಾಪ್ಯಾಸ್ಕಲ್‌ಗೆ ಏರಿದ್ದು, ನೀರು ಮರಳಿ ಬಂದು ಡಿಸ್ಕ್ ಉಬ್ಬಿದ್ದರ ಗುರುತು. ಒಂದೊಂದು ಡಿಸ್ಕಿನ ಪಾಲಿಗೆ ಈ ಬದಲಾವಣೆ ತೀರಾ ಸಣ್ಣದು: 15 ಮಿ.ಮೀ.ಯನ್ನು 23ಕ್ಕೆ ಹಂಚಿದರೆ ತಲಾ ಮುಕ್ಕಾಲು ಮಿ.ಮೀ. ಕೂಡ ಬರುವುದಿಲ್ಲ. ದಪ್ಪನಾದ ಸೊಂಟದ ಡಿಸ್ಕುಗಳಿಗೆ ಹೆಚ್ಚು, ಕುತ್ತಿಗೆಯವಕ್ಕೆ ಕಡಿಮೆ.

ಇಳಿಕೆ ಬೆನ್ನಿನದ್ದೇ ಹೊರತು ಕಾಲಿನದ್ದಲ್ಲ ಎಂಬುದನ್ನು ಪರೀಕ್ಷಿಸಲು ಗ್ರಾನೈಟಿನ ಮೇಲೆ ಗಟ್ಟಿಮರದ ಸ್ಟೂಲ್ ಇಟ್ಟು ಕೂತು ಅಳೆದೆವು. ಕೂತಾಗಿನ ಎತ್ತರಕ್ಕೆ ಕ್ಯಾಲಿಪರ್ ತಲುಪದ ಕಾರಣ, ಸ್ಟೂಲಿನ ಎತ್ತರವನ್ನು ಮರದ ದಿಮ್ಮಿಗಳಿಂದ ಹೆಚ್ಚಿಸಬೇಕಾಯಿತು. ತೊಡೆ, ಪೃಷ್ಠಗಳ ಮೆತ್ತನೆಯಿಂದಾಗಿ ಅಂಕಿಗಳು ಹೆಚ್ಚು ಚದುರಿದರೂ, ಕೂತಾಗಿನ ಇಳಿಕೆ ನಿಂತಾಗಿನ ಇಳಿಕೆಗೆ ಹತ್ತಿರವೇ ಇತ್ತು. ಮಂಡಿ, ಹಿಮ್ಮಡಿಗಳ ಪಾಲು ಇದ್ದರೂ ಅದು ನಮ್ಮ ಚದುರುವಿಕೆಯೊಳಗೆ ಅಡಗುವಷ್ಟು ಚಿಕ್ಕದು.

ಭಾರ ಹೊತ್ತರೆ ಏನಾಗುತ್ತದೆಂದು ನೋಡುವ ಅವಕಾಶ ಅಡುಗೆ ಗ್ಯಾಸಿನಿಂದ ಒದಗಿತು. 14.2 ಕಿಲೋ ಅನಿಲ ತುಂಬಿದ ಸಿಲಿಂಡರ್ ತನ್ನ ಕಬ್ಬಿಣದ ತೂಕವೂ ಸೇರಿ 30 ಕಿಲೋ ಹತ್ತಿರ ಬರುತ್ತದೆ. ಅದನ್ನು ಮಧ್ಯಾಹ್ನ ಹೆಗಲ ಮೇಲಿಟ್ಟು ಎರಡನೆಯ ಮಹಡಿಗೆ ತಂದ ಹುಡುಗ, ಗೆರೆ ಮಟ್ಟಸವಾಗಬೇಕಾದ ಹೊತ್ತಿನಲ್ಲಿ ಮತ್ತೆ 2 ಮಿ.ಮೀ. ಇಳಿದಿದ್ದ. ಆಮೇಲೆ ಚಾಪೆಯ ಮೇಲೆ ಅಂಗಾತ ಮಲಗಿ, ಮೊಣಕಾಲಿನ ಕೆಳಭಾಗವನ್ನು ಕುರ್ಚಿಯ ಮೇಲಿಟ್ಟು ಅರ್ಧ ಗಂಟೆ ವಿರಮಿಸಿದಾಗ, ಇಳಿದದ್ದನ್ನೂ ಮೀರಿ 4 ಮಿ.ಮೀ.ನಷ್ಟು ಮರಳಿ ಏರಿದ. ಈ ಭಂಗಿಯಲ್ಲಿ ಸೊಂಟದ ಬಾಗು ಸಡಿಲಗೊಂಡು ಡಿಸ್ಕಿನ ಮೇಲಿನ ಒತ್ತಡ ಬಹಳ ಕಡಿಮೆಯಾಗುತ್ತದೆ. ಗಳಿಸಿದ್ದು ಹೆಚ್ಚು ಹೊತ್ತು ಉಳಿಯಲಿಲ್ಲ. ಎದ್ದು ಓಡಾಡಿದ ಮೇಲೆ ಸಂಜೆಯ ಅಂಕಿ ಎಂದಿನದ್ದೇ.

ಅಂದಹಾಗೆ, ಕಾರು ಓಡಿಸುವವರು ಸಂಜೆ ಹೊಂದಿಸಿದ ಹಿಂಬದಿಯ ಕನ್ನಡಿಯನ್ನು ಬೆಳಿಗ್ಗೆ ಮತ್ತೆ ಮುಟ್ಟಬೇಕೆನಿಸುವುದರಲ್ಲೂ ಇದೇ ಕಾರಣ ಇದ್ದೀತು. ಬೆಳಗಿನ ಜಾವ ಬೆನ್ನು ಬಗ್ಗಿಸಲು ಬಿಗಿಯೆನಿಸುವುದಕ್ಕೂ ಉಬ್ಬಿದ ಡಿಸ್ಕುಗಳೇ ಹೊಣೆ. ಎದ್ದ ಮೊದಲ ಗಂಟೆಯಲ್ಲಿ ಸೊಂಟ ಪೂರ್ತಿ ಬಗ್ಗಿಸಿ ಭಾರ ಎತ್ತಿದರೆ ಡಿಸ್ಕಿನ ಮೇಲೆ ಬೀಳುವ ಒತ್ತಡ ದಿನದ ಬೇರೆ ಹೊತ್ತಿಗಿಂತ ಹೆಚ್ಚು. ಈಗ ನಾನು ನೀರಿನ ಕ್ಯಾನ್ ಎತ್ತಿಡುವ ಕೆಲಸವನ್ನು ತಿಂಡಿಯ ನಂತರಕ್ಕೆ ಮುಂದೂಡಿದ್ದೇನೆ.

ಹುಡುಗನ ವಿಷಯದಲ್ಲಿ ಉಪಯುಕ್ತವಾದ ಅಂಕಿ ನಸುಕಿನದ್ದೂ ಅಲ್ಲ, ರಾತ್ರಿಯದ್ದೂ ಅಲ್ಲ. ದೈಹಿಕ ಪರೀಕ್ಷೆಯ ಮೈದಾನಕ್ಕೆ ಹೋಗುವವರು ಬೆಳಿಗ್ಗೆ ಬೇಗ ಎದ್ದು, ಬಸ್ಸಿನಲ್ಲಿ ಕೂತು, ಸಾಲಿನಲ್ಲಿ ನಿಂತು, ಅಳತೆಯ ಸರದಿ ಬರುವಷ್ಟರಲ್ಲಿ ಎದ್ದು ಕೆಲವು ಗಂಟೆ ಕಳೆದಿರುತ್ತದೆ. ರಾತ್ರಿ ಗಳಿಸಿದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಆಗಲೇ ಹೋಗಿರುತ್ತದೆ. ಆದ್ದರಿಂದ ಐದೂವರೆಗೆ ಎಬ್ಬಿಸಿ, ಓಡಾಡಿಸಿ, ಹತ್ತು ಗಂಟೆಗೆ ಅಳೆದ ಅಂಕಿಯನ್ನೇ ನಂಬುವುದೆಂದು ಅವನಿಗೆ ಹೇಳಿದ್ದೇನೆ. ಆ ಹೊತ್ತಿಗೆ ಅವನು 168ರ ಮೇಲೆ 4–5 ಮಿ.ಮೀ. ಇರುತ್ತಾನೆ, ರಾತ್ರಿಗೆ ಗೆರೆಗೆ ಬಂದು ತಾಗುತ್ತಾನೆ. ಉಕ್ಕಿನ ಕೊಳವೆಯ ಉದ್ದವನ್ನು ಅಂಗಡಿಯ ಟೇಪಿನಲ್ಲಿ ಅಳೆದದ್ದರಿಂದ ಒಟ್ಟು ಎತ್ತರದಲ್ಲಿ 1 ಮಿ.ಮೀ. ಹೆಚ್ಚುಕಡಿಮೆಗೆ ಜಾಗ ಬಿಡಬೇಕು. ವ್ಯತ್ಯಾಸಗಳಿಗೆ ಅದು ತಟ್ಟುವುದಿಲ್ಲ.

ಉಪಕರಣದಲ್ಲಿ ಸದ್ಯ ಉಳಿದಿರುವ ಕಿರಿಕಿರಿ ಕ್ಯಾಲಿಪರಿನ ಬ್ಯಾಟರಿಯದ್ದು. ಈ ಬಗೆಯ ಅಗ್ಗದ ಕ್ಯಾಲಿಪರುಗಳು ಪರದೆ ಆರಿದ ಮೇಲೂ ಒಳಗೊಳಗೇ ವಿದ್ಯುತ್ ಹೀರುತ್ತಿರುತ್ತವೆ, ಗುಂಡಿಯಾಕಾರದ ಬ್ಯಾಟರಿ ಬೇಗ ಬರಿದಾಗುತ್ತದೆ. ಅದೂ 1.5 ವೋಲ್ಟಿನದ್ದೇ ಆದ್ದರಿಂದ, ಗೋಡೆ ಗಡಿಯಾರಕ್ಕೆ ಹಾಕುವ ಪೆನ್ಸಿಲ್ ಸೆಲ್ ಒಂದನ್ನು ಬೆನ್ನುಹಲಗೆಯ ಹಿಂದೆ ಹೋಲ್ಡರಿನಲ್ಲಿಟ್ಟು, ಎರಡು ತೆಳು ತಂತಿಗಳನ್ನು ಬೆಸುಗೆ ಹಾಕಿ ಎಳೆದುಕೊಂಡಿದ್ದೇನೆ. ತಂತಿ ಜಾರುವ ಭಾಗದ ಜೊತೆ ಚಲಿಸಬೇಕಾದ್ದರಿಂದ ಒಂದು ಗೇಣು ಉದ್ದ ಸಡಿಲ ಬಿಟ್ಟು, ಅದು ಚಾನೆಲ್ಲಿಗೆ ಸಿಕ್ಕದಂತೆ ಪಕ್ಕದಲ್ಲಿ ಒಂದು ಕೊಕ್ಕೆ ಹಾಕಿದ್ದಾಗಿದೆ. ಸೆಲ್ ಬದಲಿಸಿದಾಗ ಕ್ಯಾಲಿಪರ್ ತನ್ನ ಸೊನ್ನೆಯನ್ನು ಮರೆಯುತ್ತದೆ, ಆದರೆ ಅಳೆಯುವ ಮುನ್ನ ಪ್ರತಿ ಸಲವೂ ಕೊಳವೆ ಇಟ್ಟೇ ಸೊನ್ನೆ ಮಾಡುವ ನಿಯಮವಿರುವುದರಿಂದ ಅದರಿಂದ ತೊಂದರೆಯಿಲ್ಲ.